ಎಷ್ಟು ಗೋಲು?

ಕಲ್ಮಲದಲ್ಲಿ ರಸ್ತೆ ಎರಡಾಗಿ ಒಡೆಯುತ್ತದೆ. ಒಂದು ಮಾನ್ವಿಯ ಕಡೆಗೆ, ಇನ್ನೊಂದು ಲಿಂಗಸುಗೂರಿನ ಕಡೆಗೆ. ಬಸ್ಸಿಗಾಗಿ ನಾನು ಅಲ್ಲಿ ಕಾಯುತ್ತಿದ್ದ ಒಂದು ಸಂಜೆ, ಚಹದಂಗಡಿಯ ಮುಂದೆ ಕಾಲೇಜಿನ ಹುಡುಗರು ಕಾಲ್ಚೆಂಡಿನ ಮಾತಿನಲ್ಲಿ ಮುಳುಗಿದ್ದರು. ಅವರು ಕೊಂಡಾಡಿದವರೆಲ್ಲ ಗೋಲು ಹೊಡೆಯುವವರೇ. ನಾನು ಸುಮ್ಮನಿರಲಾರದೆ, “ನಮ್ಮ ಬೆಂಗಳೂರಿನ ಕೆಂಪಯ್ಯನವರ ಹೆಸರು ಕೇಳಿದ್ದೀರಾ?” ಎಂದೆ. ಒಬ್ಬ ಹುಡುಗ ವಿನಯದಿಂದಲೇ ಕೇಳಿದ: “ಯಾರ್ರೀ ಅವ್ರು? ಎಷ್ಟು ಗೋಲ್ ಹೊಡ್ದಾರ್ರೀ?”

ಉತ್ತರ ಹೇಳುವುದು ಕಷ್ಟವಾಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತವು ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ, ಕಡೆಗೆ ನಾಲ್ಕನೆಯ ಸ್ಥಾನ ಪಡೆಯಿತು. ಆಸ್ಟ್ರೇಲಿಯದ ಮೇಲೆ ಮೂರು ಗೋಲು ಹೊಡೆದ ನೆವಿಲ್ ಡಿಸೋಜ ಚರಿತ್ರೆಗೆ ಸೇರಿದರು, ಸೇರತಕ್ಕದ್ದೇ. ಎಂ. ಕೆಂಪಯ್ಯ ಅದೇ ತಂಡದ ಹಾಫ್‌ಬ್ಯಾಕ್. 1960ರಲ್ಲಿ ರೋಮಿಗೂ ಹೋದರು. ಕಲ್ಕತ್ತದ ಮೋಹನ್ ಬಗಾನ್ ತಂಡಕ್ಕೂ ಆಡಿದರು.

ಹಾಫ್‌ಬ್ಯಾಕ್ ಆದವನು ಹಿಂದಿನವನೂ ಹೌದು, ಮುಂದಿನವನೂ ಹೌದು. ಎದುರಾಳಿಯಿಂದ ಚೆಂಡನ್ನು ಕಸಿಯಬೇಕು. ಕಸಿದದ್ದನ್ನು ಮುಂದಿನವನಿಗೆ ಒಪ್ಪಿಸಬೇಕು. ಅವನು ಎಲ್ಲಿ ಕಳೆದುಕೊಂಡಾನೋ ಎಂದು ಮತ್ತೆ ಹಿಂದಕ್ಕೆ ಓಡಬೇಕು. ಗೋಲಾದಾಗ ಅವನ ನೆನಪು ಯಾರಿಗೂ ಇಲ್ಲ. ಎದುರಾಳಿ ಗೋಲು ಹೊಡೆದಾಗ ಮಾತ್ರ “ಎಲ್ಲಿದ್ದ ಆ ಮಹಾರಾಯ?” ಎಂದು ಹುಡುಕುತ್ತೇವೆ. ಸಾರಿಗೆ ಉಪ್ಪು ಕಡಮೆಯಾದ ದಿನವಷ್ಟೇ ಅಡಿಗೆ ಮಾಡಿದವರು ಯಾರೆಂದು ವಿಚಾರಿಸುವ ಗಂಡಸರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಂಥವರನ್ನು ಹೊಗಳಬೇಕಾದಾಗ ನಮ್ಮಲ್ಲಿ ಒಂದು ಸಿದ್ಧ ಮಾತುಂಟು: “ಕೀರ್ತಿಯ ಆಸೆಯಿಲ್ಲದ ಮನುಷ್ಯ.” ಈ ಹೊಗಳಿಕೆಯ ಮೇಲೆ ನನಗೆ ಗುಮಾನಿ. ಆಸೆಯಿಲ್ಲವೆಂದು ನಮಗೆ ಹೇಳಿದವರು ಯಾರು? ಫಲದ ಆಸೆ ಬಿಡೆಂದು ಗೀತೆ ಉಪದೇಶಿಸಿದ್ದು ಕೆಲಸ ಮಾಡುವವನಿಗೆ. ಫಲ ಉಣ್ಣುವವನಿಗೆ, ಬೆಳೆದವನನ್ನು ಮರೆಯೆಂದು ಅದು ಎಲ್ಲಿಯೂ ಹೇಳಿದಂತಿಲ್ಲ. ಹಾಗೆಂದು ಹಾಫ್‌ಬ್ಯಾಕಿನವನಿಗಾಗಿ ಮರುಗುವುದೂ ಸಲ್ಲ. ಚೆಂಡನ್ನು ತಕ್ಕ ಹೊತ್ತಿನಲ್ಲಿ ತಕ್ಕ ಕಾಲಿಗೆ ಮುಟ್ಟಿಸುವುದರಲ್ಲಿ, ನೋಡುವ ನಮಗೆ ತಿಳಿಯದ ಒಂದು ಸುಖ ಅವನಿಗಿದ್ದೀತು. ಆ ಸುಖ ಅವನ ಸೊತ್ತು. ಅದನ್ನು ತೋರಿಸಿ ನಮ್ಮ ಸಾಲವನ್ನು ವಜಾ ಮಾಡಿಕೊಳ್ಳುವ ಹಾಗಿಲ್ಲ.

ಈ ಮಾತು ಬರೆಯಲು ನನಗೇನೂ ದೊಡ್ಡ ಹಕ್ಕಿಲ್ಲ. ನಾನು ಹಿಂದೆ ಕೆಲಸ ಮಾಡಿದ ಕಚೇರಿಯೊಂದರಲ್ಲಿ ಹಿರಿಯ ಗುಮಾಸ್ತರೊಬ್ಬರಿದ್ದರು. ಟಪಾಲಿನವನು ರಜೆ ಹಾಕಿದರೆ ಟಪಾಲಿಗೆ, ಲೆಕ್ಕದವನಿಗೆ ಜ್ವರ ಬಂದರೆ ಲೆಕ್ಕಕ್ಕೆ, ಯಾವ ಮೇಜು ಬರಿದಾದರೂ ಅಲ್ಲಿಗೆ ಅವರು. ಬಡ್ತಿಯ ಕಾಲ ಬಂದಾಗ ಪ್ರತಿಯೊಂದು ವಿಭಾಗವೂ “ಅವರು ನಮ್ಮವರಲ್ಲ” ಎಂದಿತು. ಒಂದೇ ಮೇಜಿಗೆ ಅಂಟಿಕೊಂಡಿದ್ದ ನನಗೆ ಬಡ್ತಿ ಸಿಕ್ಕಿತು. ನನ್ನ ಮೇಜಿನ ಎಷ್ಟೋ ಕಡತಗಳನ್ನು ಅವರೇ ತೀರಿಸಿದ್ದರೆಂಬುದನ್ನು ನಾನು ಯಾರ ಮುಂದೆಯೂ ಆಡಲಿಲ್ಲ.

ಅವರು ನಿವೃತ್ತರಾದ ದಿನ, ಹಾರ ಹಾಕಿ, ಅವರ ನಿಸ್ಪೃಹತೆಯನ್ನು ಕುರಿತು ಹತ್ತು ನಿಮಿಷ ಮಾತನಾಡಿದವನೂ ನಾನೇ. ಚಪ್ಪಾಳೆ ಚೆನ್ನಾಗಿ ಬಿತ್ತು. ಸಭೆ ಮುಗಿದ ಮೇಲೆ ಅವರು ಹತ್ತಿರ ಬಂದು, ಹಾರವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, ಮೆಲ್ಲಗೆ ಕೇಳಿದರು: “ನನ್ನ ಪಿಂಚಣಿ ಕಾಗದ ಯಾರ ಮೇಜಿನ ಮೇಲಿದೆ, ಸ್ವಲ್ಪ ನೋಡಿ ಹೇಳ್ತೀರಾ?”