ಯಾರ ಋಣ ಯಾರಿಗೆ ತೀರಿತು?

ಅವಲಹಳ್ಳಿ ಕಾಡಿನಲ್ಲಿ ಒಂದು ಇಳಿಜಾರಿದೆ. ಮಳೆನೀರು ಕೊರೆದ ಕೊರಕಲು, ನಡುವೆ ಮೊಣಕಾಲೆತ್ತರದ ಬಂಡೆ, ಅಕ್ಕಪಕ್ಕ ನೀಲಗಿರಿ ಮರ. ಯಲಹಂಕದಿಂದ ದೊಡ್ಡಬಳ್ಳಾಪುರ ರಸ್ತೆ ಹಿಡಿದು ಹೋದರೆ ಸಿಗುವ ಈ ಕಾಡಿನ ಕಾಲುದಾರಿಗಳು ಬೆಂಗಳೂರಿನಲ್ಲಿ ಮೌಂಟನ್ ಬೈಕ್ ತುಳಿಯುವವರಿಗೆಲ್ಲ ಗೊತ್ತು. ನವೆಂಬರಿನ ಒಂದು ಭಾನುವಾರ ಬೆಳಗ್ಗೆ ಆ ಬಂಡೆ ಇಳಿದಾಗ ನನ್ನ ಸೈಕಲ್ಲಿನ ಮುಂಚಕ್ರವನ್ನು ಹಿಡಿಯುವ ಸ್ಪ್ರಿಂಗಿನ ಫೋರ್ಕು ಕುಸಿಯಿತು. ಕುಸಿಯುವುದು ಅದರ ಕೆಲಸವೇ. ಕುಸಿದು ಮತ್ತೆ ಏಳಬೇಕು. ಅಂದು ಏಳಲಿಲ್ಲ. ಒಳಗೆಲ್ಲೋ ಕಟಕ್ ಅಂದಿತು, ಹ್ಯಾಂಡಲ್ ನನ್ನ ಕೈಯಲ್ಲೇ ತಗ್ಗಿ ನಿಂತಿತು. ನನಗೇನೂ ಆಗಲಿಲ್ಲ. ಮೂರು ವರ್ಷ ನನ್ನ ಮೈಮೂಳೆಗೆ ಬೀಳಬೇಕಾದ ಪೆಟ್ಟನ್ನೆಲ್ಲ ತಾನು ತಿಂದ ಆ ಫೋರ್ಕು ಕೊನೆಯ ಪೆಟ್ಟನ್ನೂ ತಾನೇ ತಿಂದುಕೊಂಡಿತ್ತು.

ಸೈಕಲ್ಲನ್ನು ತಳ್ಳಿಕೊಂಡೇ ರಸ್ತೆಗೆ ಬಂದೆ. ಮರುದಿನ ಸಂಜೆ ಗೂಡ್ಸ್ ಆಟೋದಲ್ಲಿ ಹಾಕಿಸಿ, ಹೆಬ್ಬಾಳದ ಫ್ಲೈಓವರ್ ದಾಟಿ ಆರ್.ಟಿ. ನಗರದ ಒಂದು ಪುಟ್ಟ ಅಂಗಡಿಗೆ ಒಯ್ದೆ. ನಾನು ಕೆಲಸ ಮಾಡುವ ಬ್ಯಾಂಕ್ ಶಾಖೆಯ ಹಿಂದಿನ ಬೀದಿಯಲ್ಲೇ ಅದು ಇರುವುದು. ಅಲ್ಲಿನ ಮೆಕ್ಯಾನಿಕ್ಕನ್ನು ಎಲ್ಲರೂ ಭಾಯ್ ಅಂತಲೇ ಕರೆಯುತ್ತಾರೆ. ಮಾತು ಕಡಿಮೆ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಜಗ್ಗಿದರು. ಟಕ್ ಟಕ್ ಎಂಬ ಸದ್ದು ಬಂತು. "ಪ್ಲೇ ಇದೆ ಮೇಡಂ. ಬಿಚ್ಚೋಣ."

ಫೋರ್ಕಿಗೆ ಎರಡು ಕಾಲು. ಒಂದೊಂದು ಕಾಲಿನಲ್ಲೂ ಮೇಲಿನ ನುಣುಪಾದ ಕೊಳವೆ ಕೆಳಗಿನ ದಪ್ಪ ಕೊಳವೆಯೊಳಗೆ ಜಾರುತ್ತದೆ. ನನ್ನದರಲ್ಲಿ ಆ ಜಾರಾಟ ಪೂರ್ತಿ 100 ಮಿಲಿಮೀಟರ್. ಎರಡೂ ಕೊಳವೆ ಸೇರುವ ಕಡೆ ರಬ್ಬರಿನ ಸೀಲ್ ಇರುತ್ತದೆ. ಧೂಳು, ನೀರು ಒಳಗೆ ಹೋಗಬಾರದು, ಒಳಗಿನ ಗ್ರೀಸು ಹೊರಗೆ ಬರಬಾರದು. ಸೀಲಿನ ಕೆಲಸ ಇಷ್ಟೇ. ಭಾಯ್ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ, ಕಾಲುಗಳ ತಳದಲ್ಲಿದ್ದ ಎರಡು ಬೋಲ್ಟುಗಳನ್ನು ಸಡಿಲಿಸಿ, ಅವುಗಳ ತಲೆಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಬಡಿದರು. ಬಲಗಾಲು ಜಾರಿತು. ಎಡಗಾಲು ಹಿಡಿದುಕೊಂಡಿತ್ತು. ಎರಡು ಕೈಯಲ್ಲಿ ತಿರುಗಿಸಿ ಎಳೆದಾಗ ಅದೂ ಬಂತು. ಜೊತೆಗೆ ಅರ್ಧ ಲೋಟದಷ್ಟು ನೀರು ನೆಲಕ್ಕೆ ಸುರಿಯಿತು. ಕೆಂಪು ನೀರು. ಮಳೆಗಾಲದಲ್ಲಿ ನಮ್ಮ ಕಡೆಯ ಕೆರೆಗಳಿಗೆ ಹರಿದು ಬರುವ ನೀರಿನ ಬಣ್ಣ. ಸ್ಪ್ರಿಂಗ್ ಮೂರನೇ ಸುತ್ತಿನಲ್ಲಿ ತುಂಡಾಗಿತ್ತು. ಮುರಿದ ಕಡೆ ಹೊಸ ಗಾಯದ ಹೊಳಪು ಒಂದು ಅಕ್ಕಿಕಾಳಿನಷ್ಟು ಮಾತ್ರ. ಉಳಿದದ್ದೆಲ್ಲ ಹಳೆಯ ತುಕ್ಕು. ಅಂದರೆ ಅದು ಆ ಭಾನುವಾರ ಮುರಿದದ್ದಲ್ಲ, ತಿಂಗಳುಗಟ್ಟಲೆ ಮುರಿಯುತ್ತಲೇ ಇತ್ತು. ಮೇಲಿನ ಕೊಳವೆಯ ಕ್ರೋಮ್ ಸುಲಿದು ಉದ್ದಕ್ಕೆ ಗೀರು ಬಿದ್ದಿತ್ತು. ಆ ಗೀರಿನ ಮೇಲೆ ಉಗುರಾಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು.

ಭಾಯ್ ಬಟ್ಟೆಯಲ್ಲಿ ಕೈ ಒರೆಸಿಕೊಂಡು, "ಇದರ ಋಣ ತೀರ್ತು ಮೇಡಂ, ಹೊಸದು ಹಾಕೋಣ" ಅಂದರು.

ನಾವೆಲ್ಲ ದಿನಕ್ಕೊಮ್ಮೆಯಾದರೂ ಆಡುವ ಮಾತು. ಮನೆ ಬಿಟ್ಟರೆ ಆ ಮನೆಯ ಋಣ ತೀರಿತು, ಊರು ಬಿಟ್ಟರೆ ನೀರಿನ ಋಣ ತೀರಿತು, ಮನುಷ್ಯ ಸತ್ತರೆ ಭೂಮಿಯ ಋಣ ತೀರಿತು. ಅಂದು ಮಾತ್ರ ಅದು ಗಂಟಲಲ್ಲಿ ಸಿಕ್ಕಿಕೊಂಡಿತು. ಯಾರ ಋಣ ಯಾರಿಗೆ ತೀರಿತು? ಫೋರ್ಕು ನನಗೆ ಏನೂ ಕೊಡಬೇಕಾಗಿರಲಿಲ್ಲ. ಕೊಡಬೇಕಾದವಳು ನಾನು. ಐವತ್ತು ಗಂಟೆ ತುಳಿದ ಮೇಲೆ ಬಿಚ್ಚಿ ಒರೆಸಿ ಗ್ರೀಸು ಹಾಕಬೇಕೆಂದು ಅದರ ಜೊತೆ ಬಂದ ಪುಸ್ತಕದಲ್ಲೇ ಅಚ್ಚಾಗಿತ್ತು. ಮೂರು ವರ್ಷದಲ್ಲಿ ಒಮ್ಮೆಯೂ ಬಿಚ್ಚಿಸಿರಲಿಲ್ಲ.

ಪೂಜೆ ಮಾತ್ರ ಮೂರು ವರ್ಷವೂ ತಪ್ಪಿಸಿರಲಿಲ್ಲ. ಆಯುಧಪೂಜೆಯ ಹಿಂದಿನ ಸಂಜೆ ನಮ್ಮ ಬೀದಿಯ ವಾಟರ್ ಸರ್ವಿಸ್ ಅಂಗಡಿಯ ಮುಂದೆ ಬೈಕು ಆಟೋಗಳ ಸಾಲು. ಆ ಸಾಲಿನಲ್ಲಿ ನನ್ನ ಸೈಕಲ್ಲೂ ನಿಲ್ಲುತ್ತಿತ್ತು. ಹುಡುಗ ಪೈಪು ಹಿಡಿದು ಮುಂಗಾಲಿಗೆ ನೇರವಾಗಿ ನೀರು ಬಿಡುತ್ತಿದ್ದ. ಕೆಮ್ಮಣ್ಣು ಇಳಿದು ಕ್ರೋಮ್ ಫಳಫಳ ಹೊಳೆಯುತ್ತಿದ್ದರೆ ನನಗೆ ಹಿಗ್ಗು. ಮರುದಿನ ಅದೇ ಕಾಲುಗಳಿಗೆ ವಿಭೂತಿ, ಕುಂಕುಮ, ಒಂದೊಂದು ಮೊಳ ಸೇವಂತಿಗೆ, ಚಕ್ರದಡಿ ನಿಂಬೆಹಣ್ಣು, ಗೇಟಿನ ಮುಂದೆ ಕುಂಬಳಕಾಯಿ. ಆ ಒತ್ತಡದ ನೀರೇ ಸೀಲಿನ ತುಟಿಯನ್ನು ದಾಟಿ ಒಳಗೆ ಹೋಗಿದೆ ಎಂದು ಭಾಯ್ ಹೇಳಿದಾಗ ನನಗೆ ಮಾತು ಹೊರಡಲಿಲ್ಲ. ಪೂಜೆಗೆಂದು ಹೊಡೆಸಿದ ನೀರು, ಪೂಜೆ ಮಾಡಿಸಿಕೊಂಡದ್ದನ್ನೇ ಒಳಗಿನಿಂದ ತಿಂದಿತ್ತು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಯಲಹಂಕದ ವ್ಹೀಲ್ ಅಂಡ್ ಆಕ್ಸಲ್ ಪ್ಲಾಂಟಿನಲ್ಲಿ ದುಡಿದವನು. 1984ರಲ್ಲಿ ಶುರುವಾದ ಆ ಕಾರ್ಖಾನೆಗೆ ಈಗ ರೈಲ್ ವ್ಹೀಲ್ ಫ್ಯಾಕ್ಟರಿ ಅಂತ ಹೆಸರು. ಅಪ್ಪನಿಗೆ ಇವತ್ತಿಗೂ ಅದು ಪ್ಲಾಂಟ್. ನಾನು ಬೆಳೆದದ್ದು ಅದರ ಸೈರನ್ ಕೇಳುತ್ತಲೇ. ದೇಶದ ರೈಲುಗಳಲ್ಲಿ ಸವೆದ ಹಳೆಯ ಗಾಲಿ, ಅಚ್ಚುಗಳು ಗುಜರಿಯಾಗಿ ಅಲ್ಲಿಗೆ ಬರುತ್ತವೆ. ವಿದ್ಯುತ್ ಕುಲುಮೆಯಲ್ಲಿ 1,600 ಡಿಗ್ರಿ ದಾಟಿ ಕರಗುತ್ತವೆ. ಆ ಉಕ್ಕನ್ನು ಗ್ರಾಫೈಟ್ ಅಚ್ಚಿನೊಳಕ್ಕೆ ಒತ್ತಡದಿಂದ ಕೆಳಗಿನಿಂದ ಮೇಲಕ್ಕೆ ಏರಿಸಿದರೆ ಹೊಸ ಗಾಲಿ. ಚಿಕ್ಕವಳಿದ್ದಾಗ ಅಪ್ಪನನ್ನು ಕೇಳಿದ್ದೆನಂತೆ: ಹಳೇ ಗಾಲಿ ಎಲ್ಲಿಗೆ ಹೋಯ್ತು?

ಈ ಸಲ ಅಪ್ಪ ಕೇಳಿದ್ದು ಒಂದೇ ಮಾತು. "ಅಲ್ಲಮ್ಮ, ಹೂವು ಕಟ್ಟುವಾಗ ಒಂದು ಸಲನಾದ್ರೂ ಅದುಮಿ ನೋಡಿದ್ಯಾ?"

ನೋಡಿರಲಿಲ್ಲ. ಪ್ಲಾಂಟಿನಲ್ಲಿ ಒಂದು ಗಾಲಿಯನ್ನೂ ಹೊರಗಣ್ಣಿಗೆ ಚೆನ್ನಾಗಿದೆ ಎಂದು ಕಳಿಸುವುದಿಲ್ಲ. ಶಬ್ದದ ಅಲೆ ಹಾಯಿಸಿ, ಒಳಗೆ ಬಿರುಕಿದೆಯೋ ಎಂದು ಕೇಳಿಸಿಕೊಂಡ ಮೇಲೆಯೇ ಕಳಿಸುವುದು. ಅಲ್ಲಿಯೂ ಆಯುಧಪೂಜೆ ಉಂಟು, ಸಡಗರದಿಂದಲೇ ಆಗುತ್ತಿತ್ತು. ಆದರೆ ಅದು ಪರೀಕ್ಷೆಯ ಬದಲಿಗೆ ನಡೆದದ್ದಲ್ಲ.

ಆ ರಾತ್ರಿ ನನ್ನನ್ನು ಕಾಡಿದ್ದು ನಾಗಸೇನನ ರಥ. ಪಾಲಿ ಭಾಷೆಯ ಮಿಲಿಂದಪನ್ಹದಲ್ಲಿ ಈ ಪ್ರಸಂಗ ಬರುತ್ತದೆ. ಮಿಲಿಂದ ಎಂದರೆ ಕ್ರಿಸ್ತಪೂರ್ವ 2ನೇ ಶತಮಾನದ ಗ್ರೀಕ್ ಅರಸ ಮಿನಾಂಡರ್. ರಥದಲ್ಲಿ ಬಂದ ಅವನನ್ನು ಭಿಕ್ಷು ನಾಗಸೇನ ಕೇಳುತ್ತಾನೆ: ಮೂಕಿ ರಥವೋ? ಅಚ್ಚು ರಥವೋ? ಗಾಲಿಯೋ, ನೊಗವೋ? ಎಲ್ಲಕ್ಕೂ ಅಲ್ಲ ಎಂಬ ಉತ್ತರ. ಹಾಗಾದರೆ ರಥ ಎಲ್ಲಿದೆ? ಇವೆಲ್ಲ ಸೇರಿದಾಗ ನಾವು ಕರೆಯುವ ಒಂದು ಹೆಸರು ಅದು, ಅಷ್ಟೇ. ಮನುಷ್ಯನೂ ಹಾಗೆಯೇ ಎನ್ನುತ್ತಾನೆ ಭಿಕ್ಷು. ಈ ವಾದದಲ್ಲಿ ನನಗೆ ಬಿರುಕು ಕಾಣುವುದಿಲ್ಲ. ನನ್ನ ಸೈಕಲ್ಲಿನ ಚೈನು ಎರಡು ಸಲ ಬದಲಾಗಿದೆ, ಟೈರು ಮೂರು ಸಲ. ಈಗ ಫೋರ್ಕು. ನಾಳೆ ಫ್ರೇಮೂ ಹೋದೀತು. ಯಾವುದರಲ್ಲೂ ನನ್ನ ಸೈಕಲ್ ಅಡಗಿ ಕೂತಿಲ್ಲ.

ಆದರೂ ಸಮಾಧಾನವಾಗಲಿಲ್ಲ. ಉಳಿದದ್ದು ಏನು ಎಂಬುದನ್ನು ನಾಗಸೇನ ಅಚ್ಚುಕಟ್ಟಾಗಿ ವಿಚಾರಿಸುತ್ತಾನೆ. ಹೋದದ್ದಕ್ಕೆ ನಾವು ಏನು ಕೊಡಬೇಕು ಎಂಬುದು ಅವನ ಪ್ರಶ್ನೆಯಲ್ಲ. ಗೀತೆಯ ಎರಡನೇ ಅಧ್ಯಾಯದ ಹೋಲಿಕೆಯಲ್ಲೂ ನನಗೆ ಇದೇ ಕೊರತೆ ಕಾಣುತ್ತದೆ. ಹಳೆಯ ಬಟ್ಟೆ ಬಿಟ್ಟು ಹೊಸದನ್ನು ಉಡುವ ಹಾಗೆ ದೇಹಿ ದೇಹ ಬದಲಿಸುತ್ತಾನೆ ಎಂಬ ಮಾತು ಸಾವಿನ ಮನೆಯಲ್ಲಿ ಎಷ್ಟೋ ಜನಕ್ಕೆ ಧೈರ್ಯ ಕೊಟ್ಟಿದೆ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಅಲ್ಲಿ ಕಣ್ಣಿರುವುದು ಉಡುವವನ ಮೇಲೆ. ಬಿಟ್ಟ ಬಟ್ಟೆಯನ್ನು ಯಾರೂ ಮಡಿಸಿಡುವುದಿಲ್ಲ.

ಮಡಿಸಿಡುವ ಬುದ್ಧಿ ನನಗೆ ಕಂಡದ್ದು ದೇವಸ್ಥಾನದ ಕೆಲಸದಲ್ಲಿ. ವಿಗ್ರಹ ಭಿನ್ನವಾದರೆ ಎತ್ತಿ ಎಸೆಯುವಂತಿಲ್ಲ. ಮೊದಲು ಅದರಲ್ಲಿರುವ ಕಳೆಯನ್ನು ಕಲಶಕ್ಕೆ ಬರಮಾಡಿಕೊಳ್ಳಬೇಕು. ಹೊಸದು ಸಿದ್ಧವಾಗುವ ತನಕ ಬಾಲಾಲಯದಲ್ಲಿ ಪೂಜೆ ನಡೆಯಬೇಕು. ಹಳೆಯದು ಕಲ್ಲಾದರೆ ಆಳವಾದ ನೀರಿಗೆ, ಮರವಾದರೆ ಬೆಂಕಿಗೆ. ಪುರಿಯ ಜಗನ್ನಾಥನಿಗೆ 2015ರಲ್ಲಿ ನವಕಳೇಬರ, ಅಂದರೆ ಹಳೆಯ ಮೂರ್ತಿ ಬಿಟ್ಟು ಹೊಸದಕ್ಕೆ ದಾಟುವ ವಿಧಿ, ಆಯಿತು. ಅದಕ್ಕೂ ಮುಂಚೆ 1996ರಲ್ಲಿ. ಹಳೆಯ ಮೂರ್ತಿಯೊಳಗಿನ ಬ್ರಹ್ಮಪದಾರ್ಥವನ್ನು ಬೇವಿನ ಮರದ ಹೊಸ ಮೂರ್ತಿಗೆ ಸೇರಿಸುವ ದೈತಾಪತಿಗಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿರುತ್ತಾರೆ, ಕೈಗೂ ಬಟ್ಟೆ ಸುತ್ತಿಕೊಂಡಿರುತ್ತಾರೆ. ಅಲ್ಲಿ ಹಳೆಯ ಮೂರ್ತಿಗಳನ್ನು ಸುಡದೆ ದೇವಾಲಯದ ಆವರಣದಲ್ಲೇ, ಕೊಯಿಲಿ ವೈಕುಂಠದಲ್ಲಿ ಹೂಳುತ್ತಾರೆ. ಆಮೇಲೆ ಮನೆಯ ಹಿರಿಯರು ಹೋದಂತೆ ಸೂತಕ ಹಿಡಿಯುತ್ತಾರೆ. ದೇವರು ಹೊಸ ಮೈಯಲ್ಲಿ ಬಂದು ಕೂತಿದ್ದಾನೆ ಎಂದು ಅವರಷ್ಟು ಗಟ್ಟಿಯಾಗಿ ನಂಬಿದವರು ಬೇರೆ ಯಾರೂ ಇಲ್ಲ. ಆದರೂ ಹಳೆಯ ಮೈಗಾಗಿ ದುಃಖಿಸುತ್ತಾರೆ. ದೇವರು ಹೋಗಿಲ್ಲ ನಿಜ. ಇಷ್ಟು ವರ್ಷ ಅವನನ್ನು ಹೊತ್ತ ಮರ ಹೋಯಿತಲ್ಲ.

ಇನ್ನೊಂದು ಮಾತು, ಅಷ್ಟಬಂಧ. ಮೂಲವಿಗ್ರಹಕ್ಕೂ ಪೀಠಕ್ಕೂ ನಡುವಿನ ಸಂದಿಗೆ ಎಂಟು ದ್ರವ್ಯಗಳನ್ನು ಕುಟ್ಟಿ ಅರೆದ ಅಂಟನ್ನು ತುಂಬುತ್ತಾರೆ. ಅದು ವಿಗ್ರಹವನ್ನು ಕದಲದಂತೆ ಹಿಡಿಯುತ್ತದೆ, ಅಭಿಷೇಕದ ನೀರು ಕೆಳಗಿಳಿಯದಂತೆ ತಡೆಯುತ್ತದೆ. ಸಾಮಾನ್ಯವಾಗಿ ಹನ್ನೆರಡು ವರ್ಷಕ್ಕೊಮ್ಮೆ ಹಳೆಯದನ್ನು ತೆಗೆದು ಹೊಸದು ತುಂಬಿ ಬ್ರಹ್ಮಕಲಶ ಮಾಡುತ್ತಾರೆ. ಭಾಯ್ ಅವರ ಬೆಂಚಿನ ಮೇಲೆ ಬಿರುಕುಬಿಟ್ಟು ಬಿದ್ದಿದ್ದ ರಬ್ಬರ್ ಸೀಲ್ ನೋಡುತ್ತಾ ನನಗೆ ಅದೇ ನೆನಪಾದದ್ದು. ಪ್ರತಿದಿನ ನೀರು ಸುರಿಯಿರಿ ಎಂದ ಶಾಸ್ತ್ರವೇ ಆ ನೀರು ಎಲ್ಲಿಗೆ ಇಳಿದೀತು ಎಂದೂ ಯೋಚಿಸಿದೆ. ಸಂದಿಗೆ ಅಂಟು ಅರೆದು ತುಂಬುವುದೂ ಅಲ್ಲಿ ಪೂಜೆಯೇ. ನಾನು ನೀರನ್ನು ಮಾತ್ರ ಇಟ್ಟುಕೊಂಡು, ಅಂಟನ್ನು ಕೈಬಿಟ್ಟಿದ್ದೆ.

ಹೊಸ ಫೋರ್ಕ್ ಹುಡುಕಲು ಎರಡು ವಾರ ಬೇಕಾಯಿತು. ಈಗ ಬರುವವುಗಳಲ್ಲಿ ಹೆಚ್ಚಿನವುಗಳ ಕುತ್ತಿಗೆ, ಅಂದರೆ ಫ್ರೇಮಿನೊಳಗೆ ಹಾದು ಹ್ಯಾಂಡಲ್ಲಿಗೆ ಸೇರುವ ಕೊಳವೆ, ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ನನ್ನ ಫ್ರೇಮಿಗೆ ಉದ್ದಕ್ಕೂ ಒಂದೇ ಸಮ, 28.6 ಮಿಲಿಮೀಟರಿನದೇ ಬೇಕು. ಚಕ್ರದ ಅಳತೆ, ಅಚ್ಚು, ಡಿಸ್ಕ್ ಬ್ರೇಕಿನ ಕಿವಿ ಎಲ್ಲ ಹೊಂದಬೇಕು. ಕೊನೆಗೆ ಗಾಳಿಯ ಸ್ಪ್ರಿಂಗಿನದು ಒಂದು ಸಿಕ್ಕಿತು. ಹದಿನಾಲ್ಕು ಸಾವಿರ ರೂಪಾಯಿ.

ಜೋಡಿಸುವ ದಿನ ಅಪ್ಪನೂ ಬಂದ. ಭಾಯ್ ಹಳೆಯದರ ಕುತ್ತಿಗೆಯನ್ನು ಹೊಸದರ ಪಕ್ಕ ಹಿಡಿದು, ಗೆರೆ ಎಳೆದು, ಹೊಸದನ್ನು ಹ್ಯಾಕ್ಸಾದಿಂದ ಕೊಯ್ದು, ಅಂಚನ್ನು ಅರದಿಂದ ಉಜ್ಜಿದರು. ಆಮೇಲೆ ಹಳೆಯದರ ಕುತ್ತಿಗೆಯ ಬುಡದಲ್ಲಿ ಕಚ್ಚಿಕೊಂಡಿದ್ದ ಬಳೆಯಂಥ ಉಕ್ಕಿನ ಉಂಗುರವೊಂದನ್ನು ಸುತ್ತಲೂ ಸಣ್ಣಸಣ್ಣ ಪೆಟ್ಟು ಕೊಟ್ಟು ಎಬ್ಬಿಸಿದರು. ಕೆಳಗಿನ ಬೇರಿಂಗ್ ಕೂರುವುದು ಅದರ ಮೇಲೆ. "ಇದು ಚೆನ್ನಾಗೈತೆ, ಇದನ್ನೇ ಹಾಕ್ತೀನಿ." ಒರೆಸಿ, ಹೊಸ ಗ್ರೀಸು ಸವರಿ, ಹೊಸ ಫೋರ್ಕಿನ ಬುಡಕ್ಕೆ ಇಳಿಸಿ, ಅದೇ ಅಳತೆಯ ಪೈಪಿನ ತುಂಡಿಟ್ಟು ಬಡಿದರು. ಸದ್ದು ಮೊದಮೊದಲು ಟೊಳ್ಳಾಗಿತ್ತು. ಉಂಗುರ ತಳ ಮುಟ್ಟಿದ ಪೆಟ್ಟಿಗೆ ಸದ್ದು ಬದಲಾಗಿ ಗಟ್ಟಿಯಾಯಿತು. ಅಪ್ಪ ತಲೆಯಾಡಿಸಿದ.

ಆ ಉಂಗುರದಲ್ಲೇ ನನ್ನ ಸೈಕಲ್ಲಿನ ಜೀವ ದಾಟಿತು ಎಂದು ಬರೆಯುವ ಆಸೆ ನನಗೂ ಆಯಿತು. ಅದು ನಿಜವಲ್ಲ. ಆ ಉಂಗುರ ಸವೆದಿದ್ದರೆ ಭಾಯ್ ಹೊಸದನ್ನೇ ಹಾಕುತ್ತಿದ್ದರು, ಸೈಕಲ್ ಆಗಲೂ ನನ್ನದೇ ಆಗಿರುತ್ತಿತ್ತು. ನಾಗಸೇನ ಗೆದ್ದೇ ಗೆದ್ದ. ಆದರೆ ಅದನ್ನು ಎಬ್ಬಿಸಿ, ಒರೆಸಿ, ಕೂರಿಸಿದ ಕೈಯಲ್ಲಿ ಒಂದು ಗೌರವವಿತ್ತು. ಋಣ ಎಂದು ನಾನು ಹುಡುಕುತ್ತಿದ್ದದ್ದು ಅದನ್ನೇ. ಅದು ವಸ್ತುವಿನೊಳಗೆ ಇರುವಂಥದ್ದಲ್ಲ, ನಮ್ಮ ಮತ್ತು ಅದರ ನಡುವೆ ನಡೆಯುವಂಥದ್ದು. ಒಂದು ಕಡೆ ನಿಂತರೆ ಇನ್ನೊಂದು ಕಡೆ ಎಷ್ಟು ದಿನ ನಡೆದೀತು?

ಹಳೆಯ ಫೋರ್ಕನ್ನು ಏನು ಮಾಡುವುದು? ನಮ್ಮ ಬೀದಿ ಕೊನೆಯ ಅಶ್ವತ್ಥಕಟ್ಟೆಯಲ್ಲಿ ಗಾಜೊಡೆದ ದೇವರ ಪಟಗಳು, ಮೂಗು ಮುಕ್ಕಾದ ಗೌರಿ, ಕೈ ಹೋದ ಕೃಷ್ಣ ಸಾಲಾಗಿ ಕೂತಿರುತ್ತಾರೆ. ಎಸೆಯಲು ಮನಸ್ಸು ಬಾರದೆ, ಇಟ್ಟುಕೊಳ್ಳಲೂ ಆಗದೆ ಜನ ತಂದಿಟ್ಟವು. ಒಂದು ಕ್ಷಣ ಅಲ್ಲಿಗೇ ಒಯ್ಯೋಣ ಎನ್ನಿಸಿತು. ಅಪ್ಪ ಬೇಡ ಅಂದ. "ಲೋಹ ಅದು, ಮಳೇಲಿ ಕೂರಿಸಬಾರದು. ಕುಲುಮೆಗೆ ಹೋಗ್ಲಿ." ನಡುಮನೆಯಲ್ಲಿ ಹಳೆ ಪೇಪರ್ ಹಾಸಿ ಇಬ್ಬರೂ ಕೂತು ಅದನ್ನು ಬಿಡಿಬಿಡಿ ಮಾಡಿದೆವು. ಉಕ್ಕು ಒಂದು ಕಡೆ, ಹಗುರ ಲೋಹ ಒಂದು ಕಡೆ, ರಬ್ಬರ್ ಬೇರೆ. ಪ್ರತಿಯೊಂದನ್ನೂ ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿದೆ. ಮೂರು ವರ್ಷದಲ್ಲಿ ನಾನು ಅದಕ್ಕೆ ಮಾಡಿದ ಮೊದಲ ಸೇವೆ ಅದು. ಮರುದಿನ ಬಂದ ಗುಜರಿಯವರು ಎಲ್ಲ ಸೇರಿಸಿ ತೂಗಿದರು: ಎರಡೂವರೆ ಕೆ.ಜಿ.

ನಿಮ್ಮ ಮನೆಯ ಮೆಟ್ಟಿಲ ಕೆಳಗೆ ಇಂಥ ಸೈಕಲ್ ಒಂದಿದ್ದರೆ, ಈ ಭಾನುವಾರ ಪೈಪು ಹಿಡಿಯಬೇಡಿ. ಒಣಬಟ್ಟೆ ತೆಗೆದುಕೊಂಡು ಅದರ ಮುಂಗಾಲುಗಳನ್ನು ಸೀಲಿನ ಅಂಚಿನವರೆಗೂ ಒರೆಸಿ. ಮುಂದಿನ ಬ್ರೇಕ್ ಹಿಡಿದು ಒಮ್ಮೆ ಅದುಮಿ, ಅದು ತಾನಾಗಿ ಮೇಲೆ ಬರುತ್ತದೆಯೇ ನೋಡಿ. ಬಟ್ಟೆಗೆ ಕೆಂಪು ಹತ್ತಿದ್ದರೆ ನಾಳೆಯೇ ಬಿಚ್ಚಿಸಿ.