ಸಾಕು ಎನ್ನುವವರು ಯಾರು?

‘ನನಗೆ ಇಷ್ಟು ಸಾಕು’ ಎನ್ನುವುದು ನಮ್ಮ ಹೆಂಗಸರ ಬಾಯಲ್ಲಿ ಬಹಳ ಸಲೀಸಾಗಿ ಬರುವ ಮಾತು. ತಳ ಹತ್ತಿದ ಅನ್ನ ಸಾಕು, ಅಕ್ಕ ಉಟ್ಟು ಬಿಟ್ಟ ಸೀರೆ ಸಾಕು, ಮಗ ಹೊಸದು ಕೊಂಡ ಮೇಲೆ ಉಳಿದ ಹಳೆಯ ಫೋನು ಸಾಕು. ಕೇಳಿದವರು ಇದನ್ನು ತ್ಯಾಗವೆಂದು ಹೊಗಳುತ್ತಾರೆ. ಹಾಗೆ ಹೊಗಳುವವರು ಯಾರೂ ಆ ತಳದ ಅನ್ನವನ್ನು ತಮ್ಮ ತಟ್ಟೆಗೆ ಬಡಿಸಿಕೊಳ್ಳುವುದಿಲ್ಲ. ಸಾಕು ಎನ್ನುವುದು ಯಾವಾಗ ಗುಣ, ಯಾವಾಗ ಬರಿಯ ರೂಢಿ? ಈ ಪ್ರಶ್ನೆ ಈಚೆಗೆ ನನ್ನನ್ನು ಕಾಡಿದ್ದು ಅಡಿಗೆ ಮನೆಯಲ್ಲಲ್ಲ, ಒಂದು ಹಳೆಯ ಲ್ಯಾಪ್‌ಟಾಪಿನ ಮುಂದೆ.

ಅದು ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಗ, 2012ರಲ್ಲಿ, ಕೊಂಡದ್ದು. ಅವಳು ಬೆಂಗಳೂರು ಸೇರಿ ಹೊಸದನ್ನು ತೆಗೆದುಕೊಂಡ ಮೇಲೆ ಹಳೆಯದು ಕೊಂಡಜ್ಜಿಗೆ, ನನ್ನ ಮೇಜಿಗೆ ಬಂತು. ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಗೈಡ್ಸ್ ಹುಡುಗಿಯರ ಶಿಬಿರದ ಲೆಕ್ಕ ಎಲ್ಲವೂ ಅದರಲ್ಲೇ. ಅದರಲ್ಲಿದ್ದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಕಂಪನಿಯ ಆಸರೆ ಮುಗಿಯಿತು. ಮುಂದಿನದಾದ ವಿಂಡೋಸ್ 11ಕ್ಕೆ ಕನಿಷ್ಠ 4 ಜಿ.ಬಿ. ರ‍್ಯಾಮ್ ಬೇಕು, ಟಿ.ಪಿ.ಎಂ. 2.0 ಎಂಬ ಭದ್ರತೆಯ ಚಿಪ್ಪೂ ಬೇಕು. ನನ್ನದರಲ್ಲಿ ಇರುವುದು 2 ಜಿ.ಬಿ.; ಆ ಚಿಪ್ಪಂತೂ ಇಲ್ಲವೇ ಇಲ್ಲ. ‘ಮೇಡಂ, ಇದರ ಕಾಲ ಮುಗೀತು, ಎಕ್ಸ್‌ಚೇಂಜಿಗೆ ಹಾಕಿಬಿಡಿ’ ಎಂದರು ಅಂಗಡಿಯವರು.

ನಾನು ಯಂತ್ರವನ್ನು ನೋಡಿದೆ. ಪರದೆ ಬೆಳ್ಳಗಿದೆ, ಕೀಲಿಗಳೆಲ್ಲ ಒತ್ತಿದಲ್ಲಿ ಒತ್ತುತ್ತವೆ, ಒಂದು ತಿರುಪೂ ಸಡಿಲವಾಗಿಲ್ಲ. ಕೆಟ್ಟದ್ದು ಏನು? ಕೆಟ್ಟದ್ದು ಏನೂ ಇಲ್ಲ. ಮನೆಯಲ್ಲಿ ನೀರು, ಒಲೆ, ದಿನಸಿ, ಲೆಕ್ಕ ಎಲ್ಲವನ್ನೂ ಹೊಂದಿಸುವವಳು ಒಬ್ಬಳು ಇರುತ್ತಾಳಲ್ಲ, ಕಂಪ್ಯೂಟರಿನೊಳಗೆ ಆ ಕೆಲಸ ಮಾಡುವುದನ್ನು ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ಅದನ್ನು ಕೊಟ್ಟವರು ಇನ್ನು ಇದರ ಯೋಗಕ್ಷೇಮ ನಮ್ಮದಲ್ಲ ಎಂದರು, ಅಷ್ಟೆ. ಅವರನ್ನು ಬೈಯುವುದೂ ನ್ಯಾಯವಲ್ಲ. 2015ರಲ್ಲಿ ಬಂದದ್ದನ್ನು ಹತ್ತು ವರ್ಷ ಸಲಹಿದ್ದಾರೆ. ಆದರೆ ಅವರು ಕೈಬಿಟ್ಟ ಮೇಲೆ ಬೇರೆ ಯಾರೂ ಕೈ ಹಾಕುವಂತಿಲ್ಲ. ಒಳಗಿನ ಬರಹ ಬೀಗದಲ್ಲಿದೆ. ನನಗೆ ಒಪ್ಪಿಗೆಯಾಗದ್ದು ಈ ಬೀಗ.

ನಮ್ಮ ಹರಿಹರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿತು; ಎಷ್ಟೋ ಮನೆಗಳ ಒಲೆಯೂ ಅದರ ಜೊತೆಗೆ ತಣ್ಣಗಾಯಿತು. ಆದರೂ ಅಲ್ಲಿ ಹುಟ್ಟಿದ ಲೇತುಗಳು ಸಣ್ಣ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಿವೆ. ಹೇಗೆಂದರೆ, ಕಸುಬು ಬಲ್ಲವನು ಅದನ್ನು ಬಿಚ್ಚಬಹುದು, ಸವೆದ ಗೇರನ್ನು ತಾನೇ ಕೊರೆದು ಕೂಡಿಸಬಹುದು. ತಯಾರಿಸಿದವರು ಇಲ್ಲವಾದರೂ ಯಂತ್ರ ಅನಾಥವಾಗಲಿಲ್ಲ.

ಕಂಪ್ಯೂಟರಿನ ಲೋಕದಲ್ಲೂ ಹೀಗೆ ಬಿಚ್ಚಿ ನೋಡಬಹುದಾದದ್ದು ಒಂದಿದೆ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದರು. ತಂತ್ರಾಂಶವನ್ನು ಯಾವ ಕೆಲಸಕ್ಕಾದರೂ ಬಳಸುವ, ಬಿಚ್ಚಿ ಓದುವ, ಇತರರಿಗೆ ಹಂಚುವ, ತಿದ್ದಿ ಕೊಡುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕೆಂಬುದು ಅವರ ವಾದ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೊರ್ವಾಲ್ಡ್ಸ್ ಎಂಬ 21ರ ಹುಡುಗ ಲಿನಕ್ಸ್ ಬರೆಯತೊಡಗಿದ. ಇವೆರಡೂ ಸೇರಿ ಬೆಳೆದ ಸಂಸಾರದಲ್ಲಿ ಇಂದು ನೂರಾರು ಮಕ್ಕಳು. ಅವುಗಳಲ್ಲಿ ಕೆಲವು ಹಗುರ ಮೈಯವು. ಲುಬುಂಟು, ಆಂಟಿಎಕ್ಸ್, ಆಸ್ಟ್ರೇಲಿಯದಲ್ಲಿ 2003ರಲ್ಲಿ ಹುಟ್ಟಿದ ಪಪ್ಪಿ ಲಿನಕ್ಸ್ ಇಂಥವು. ಕಡಿಮೆ ರ‍್ಯಾಮ್ ಇರುವ ಹಳೆಯ ಯಂತ್ರದಲ್ಲೂ ಇವು ಸಂಸಾರ ಹೂಡಬಲ್ಲವು.

ನಮ್ಮ ರಾಜ್ಯದ ಸರಕಾರಿ ಪ್ರೌಢಶಾಲೆಗಳ ಶಿಕ್ಷಕಿಯರಿಗೆ ಇದು ಪೂರ್ತಿ ಅಪರಿಚಿತವೇನಲ್ಲ. 2010ರ ದಶಕದ ಮೊದಲಲ್ಲಿ ಡಿ.ಎಸ್.ಇ.ಆರ್.ಟಿ. ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳು ನಡೆದದ್ದು ಉಬುಂಟು ಎಂಬ ಲಿನಕ್ಸಿನ ಮೇಲೆಯೇ. ಆ ಪರಿಚಯದ ಧೈರ್ಯದಿಂದ ನಾನು ಲುಬುಂಟುವನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡೆ. ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ, ವೈ-ಫೈ, ಪ್ರಿಂಟರ್, ಧ್ವನಿ ಎಲ್ಲ ಕೆಲಸ ಮಾಡುವುದನ್ನು ನೋಡಿಕೊಂಡೆ. ಕಡತಗಳನ್ನು ಬೇರೆಡೆ ತೆಗೆದಿಟ್ಟು, ಒಂದು ಭಾನುವಾರ ನಾನೇ ಕೂತು ಹಾಕಿದೆ. ಮಗಳು ಫೋನಿನಲ್ಲಿ, ‘ಅಮ್ಮಾ, ಅದರ ಜೊತೆ ಯಾಕೆ ಒದ್ದಾಡ್ತೀಯ? ಹೊಸದು ಕೊಡಿಸ್ತೀನಿ’ ಎಂದಳು. ‘ಬೇಡ, ಸಾಕು’ ಎಂದೆ. ಅಂದ ಮೇಲೆ ಯೋಚನೆ ಹತ್ತಿತು. ಇದು ಯಾವ ‘ಸಾಕು’? ತಳದ ಅನ್ನದ್ದೋ, ಬೇರೆಯದೋ?

ಶಾಲೆಯಲ್ಲಿ ಇದನ್ನು ಹೇಳಿದಾಗ ಒಂಬತ್ತನೆಯ ತರಗತಿಯ ಹುಡುಗಿ, ‘ಮಿಸ್, ಪುಕ್ಕಟೆ ಕೊಡೋರಿಗೆ ಏನು ಲಾಭ?’ ಎಂದು ಕೇಳಿದಳು. ನಾನು ಹೆಪ್ಪಿನ ಮಾತು ಹೇಳಿದೆ. ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತಂದರೆ ಅವರ ಮೊಸರು ಕಡಿಮೆಯಾಗುವುದಿಲ್ಲ, ನಮ್ಮದು ಪಾತ್ರೆ ತುಂಬ ಆಗುತ್ತದೆ. ನಾಳೆ ಇನ್ನೊಬ್ಬರು ಕೇಳಿದರೆ ನಾವೂ ಇಲ್ಲವೆನ್ನುವಂತಿಲ್ಲ. ಲಿನಕ್ಸ್ ಬರುವ ಜಿ.ಪಿ.ಎಲ್. ಎಂಬ ಪರವಾನಗಿ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ತಿದ್ದಿ ಹಂಚುವುದಾದರೆ ಅದೇ ಸ್ವಾತಂತ್ರ್ಯದೊಡನೆ ಹಂಚಬೇಕು. ಹೆಪ್ಪು ಈಸಿಕೊಂಡು ಮೊಸರಿಗೆ ಬೀಗ ಹಾಕುವಂತಿಲ್ಲ. ಕಳ್ಳ ಪ್ರತಿಯನ್ನು ಹಾಕಿಸಿಕೊಳ್ಳುವುದು, ಇಲ್ಲವೇ ಸಾವಿರಾರು ರೂಪಾಯಿ ಸುರಿಯುವುದು, ಇವೆರಡೇ ದಾರಿ ಎಂದುಕೊಂಡಿದ್ದ ಮಕ್ಕಳಿಗೆ ಮೂರನೆಯದೊಂದು ಇದೆ ಎಂದು ತಿಳಿಯುವುದೇ ಒಂದು ನೀತಿಪಾಠ. ಹಾಗೆಂದು ಇದು ಬಿಟ್ಟಿ ಬಿದ್ದದ್ದಲ್ಲ. ಲಿನಕ್ಸಿನ ತಿರುಳನ್ನು ಬರೆಯುವವರಲ್ಲಿ ಹೆಚ್ಚಿನವರು ಕಂಪನಿಗಳಲ್ಲಿ ಸಂಬಳ ಪಡೆಯುವವರು. ಸಣ್ಣ ತಂತ್ರಾಂಶಗಳ ಹಿಂದೆ ಕೆಲಸ ಮುಗಿಸಿ ಬಂದು ರಾತ್ರಿ ಕೂರುವವರೂ ಉಂಟು. ಮುಯ್ಯಿ ಬಂದ ಮೇಲೆ ಮುಯ್ಯಿ ತೀರಿಸಬೇಕು. ಹಣವಿಲ್ಲದವರು ಇನ್ನೊಬ್ಬರಿಗೆ ಕಲಿಸಿಯಾದರೂ ತೀರಿಸಬಹುದು.

ಕಷ್ಟಗಳನ್ನು ಮುಚ್ಚಿಡುವುದು ಸರಿಯಲ್ಲ. ವ್ಯವಸ್ಥೆ ಹಗುರವಾದರೂ ಇಂದಿನ ಅಂತರ್ಜಾಲ ಭಾರ; ಬ್ರೌಸರಿನಲ್ಲಿ ನಾಲ್ಕಾರು ಪುಟ ತೆರೆದರೆ 2 ಜಿ.ಬಿ. ಏದುಸಿರು ಬಿಡುತ್ತದೆ. ಕನ್ನಡ ಟೈಪಿಸಲು ಕೆ. ಪಿ. ರಾವ್ ಅವರ ಕೀಲಿಮಣೆ ಸಿಗುತ್ತದೆ, ಯೂನಿಕೋಡಿನಲ್ಲಿ ಅಕ್ಷರ ಚೆನ್ನಾಗಿಯೇ ಮೂಡುತ್ತದೆ. ಆದರೆ ನುಡಿಯ ಹಳೆಯ ಅಕ್ಷರಗಳಲ್ಲಿ ಟೈಪಿಸಿದ ಸುತ್ತೋಲೆ ಬಂದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ, ಪರಿವರ್ತಿಸಿಕೊಂಡು ಓದಬೇಕು. ನನ್ನ ಕಡತ ಇನ್ನೊಬ್ಬರಲ್ಲಿ ಸಾಲು ತಪ್ಪಿದರೆ ಸರಿಪಡಿಸುವ ತಾಪತ್ರಯ ಅವರಿಗೆ. ನನ್ನ ಸ್ವಾತಂತ್ರ್ಯದ ಖರ್ಚನ್ನು ಪಕ್ಕದ ಮೇಜಿನವರು ತೆರಬಾರದೆಂದು ಈಗ ಎಲ್ಲವನ್ನೂ ಪಿ.ಡಿ.ಎಫ್. ಮಾಡಿಯೇ ಕಳುಹಿಸುತ್ತೇನೆ. ಲಿನಕ್ಸಿನವರೂ ಹಳೆಯದನ್ನು ಎಂದೆಂದಿಗೂ ಹೊರುವುದಿಲ್ಲ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ತೀರ ಹಳೆಯ 32-ಬಿಟ್ ಯಂತ್ರಗಳಿಗೆ ಹೊಸದಾಗಿ ಹಾಕಿಕೊಳ್ಳುವ ಏರ್ಪಾಡು ನಿಂತಿತು. ಒಂದೇ ವ್ಯತ್ಯಾಸವೆಂದರೆ, ಅವರು ಬಿಟ್ಟದ್ದನ್ನು ಬೇಕಾದವರು ಎತ್ತಿಕೊಂಡು ಮುಂದುವರಿಸಬಹುದು.

ನಿಜವಾದ ಪರೀಕ್ಷೆ ಬಂದದ್ದು ಬೇರೆ ಕಡೆಯಿಂದ. ಒಂದು ಕಚೇರಿಯವರು ತಾವು ಬಿಟ್ಟ ನಾಲ್ಕು ಕಂಪ್ಯೂಟರುಗಳನ್ನು ಶಾಲೆಗೆ ಕೊಡಲು ಮುಂದೆ ಬಂದರು. ‘ನಿಮ್ಮ ಲಿನಕ್ಸ್ ಹಾಕಿಬಿಡಿ, ಈ ಮಕ್ಕಳಿಗೆ ಅಷ್ಟು ಸಾಕು’ ಎಂದರು ಒಬ್ಬರು. ಮಾತಿನಲ್ಲಿ ಕೇಡಿರಲಿಲ್ಲ. ಆದರೂ ನನ್ನ ಕಿವಿಗೆ ಅದು ಚುಚ್ಚಿತು. ನನ್ನ ಬಾಯಲ್ಲಿ ಒಪ್ಪಿದ ಮಾತು ಅವರ ಬಾಯಲ್ಲಿ ಏಕೆ ಒಪ್ಪಲಿಲ್ಲ?

ಯೋಚಿಸಿದಷ್ಟೂ ನನಗೆ ತೋರಿದ್ದು ಇದು. ಸಾಕು ಎನ್ನುವ ಮಾತಿಗೆ ಬೆಲೆ ಬರುವುದು, ಬೇಕು ಎನ್ನಲು ದಾರಿಯಿದ್ದವರು ಅದನ್ನು ತಮ್ಮ ಬಗ್ಗೆ ಹೇಳಿಕೊಂಡಾಗ ಮಾತ್ರ. ಮಗಳು ಹೊಸದು ಕೊಡಿಸಲು ಸಿದ್ಧಳಿದ್ದಳು. ನನ್ನ ಕೆಲಸ ಎಷ್ಟೆಂದು ನನಗೆ ಗೊತ್ತಿತ್ತು. ಅಳೆದು ನೋಡಿ ಬೇಡವೆಂದೆ. ಆ ಮಕ್ಕಳನ್ನು ಯಾರು ಕೇಳಿದ್ದರು? ಇನ್ನೊಬ್ಬರ ಪರವಾಗಿ ಹೇಳುವ ‘ಸಾಕು’ ಮಿತವ್ಯಯವಲ್ಲ, ಪಡಿ ಅಳೆಯುವುದು. ನಮ್ಮ ಕೊಂಡಜ್ಜಿಯ ಕೆರೆಯ ಮಗ್ಗುಲಲ್ಲಿ, ಕೊಂಡಜ್ಜಿ ಬಸಪ್ಪನವರ ಹೆಸರಿನೊಡನೆ ಬೆಸೆದುಕೊಂಡ ಸ್ಕೌಟ್ಸ್ ಶಿಬಿರದ ತಾಣವಿದೆ. ಅಲ್ಲಿ ಮಕ್ಕಳು ಕಲಿಯುವ ನಿಯಮಗಳಲ್ಲಿ ಮಿತವ್ಯಯವೂ ಒಂದು, ಸಾರ್ವಜನಿಕ ಆಸ್ತಿಯನ್ನು ಕಾಪಾಡುವುದೂ ಒಂದು. ಆ ನಿಯಮಗಳನ್ನು ಪಾಲಿಸುವ ಪ್ರತಿಜ್ಞೆಯನ್ನು ‘ನಾನು’ ಎಂದೇ ಮಾಡುತ್ತಾರೆ. ನೀನು ಮಿತವ್ಯಯಿಯಾಗು ಎಂದು ಪಕ್ಕದವಳಿಗೆ ಬೋಧಿಸುವ ನಿಯಮ ಅಲ್ಲಿಲ್ಲ.

ಹಾಗೆಂದು ಯಂತ್ರಗಳನ್ನು ತಿರಸ್ಕರಿಸಿ ಗುಜರಿಗೆ ಕಳಿಸುವುದೇ? ಅದರೊಳಗಿನ ಸೀಸ, ಪಾದರಸ ಯಾವುದೋ ಬಡ ಮಗುವಿನ ಕೈಗೇ ಹತ್ತುತ್ತದೆ. ಆದ್ದರಿಂದ ನಾನು ಮುಖ್ಯೋಪಾಧ್ಯಾಯರಿಗೆ ಮೂರು ಮಾತು ಹೇಳಿದೆ. ನಾವು ಶಿಕ್ಷಕರು ಬಳಸಲು ಒಲ್ಲದ್ದನ್ನು ಮಕ್ಕಳ ಮುಂದೆ ಇಡಬಾರದು. ಹಳೆಯದು ಬಂತೆಂದು ಹೊಸ ಪ್ರಯೋಗಾಲಯದ ಬೇಡಿಕೆಯನ್ನು ಕೈಬಿಡಬಾರದು. ಮೂರನೆಯದು, ವ್ಯವಸ್ಥೆಯನ್ನು ಹಾಕುವವರು ಮಕ್ಕಳೇ ಆಗಬೇಕು, ಮುಚ್ಚಳ ಬಿಚ್ಚುವುದೂ ಸೇರಿ. ಅವರು ಒಪ್ಪಿದರು.

ನಾಲ್ಕರಲ್ಲಿ ಒಂದು ಏಳಲೇ ಇಲ್ಲ. ಅದರ ರ‍್ಯಾಮ್ ತೆಗೆದು ಇನ್ನೊಂದಕ್ಕೆ ಹಾಕಬಹುದೇ ಎಂದು ಹುಡುಗಿಯರು ನೋಡಿದರು, ಕೂಡಿತು. ಲಾಭವೇನೆಂದು ಕೇಳಿದ್ದ ಆ ಹುಡುಗಿ ಎರಡು ವಾರ ಕೆಲಸ ಮಾಡಿ ನನ್ನ ಬಳಿ ಬಂದಳು. ‘ಮಿಸ್, ಉಳಿದ ಎರಡಕ್ಕೆ ಈಗಿರೋದು ಸಾಲಲ್ಲ. ಜಿಯೋಜೀಬ್ರಾ ಜೊತೆ ಬ್ರೌಸರ್ ತೆಗೆದರೆ ನಿಂತುಬಿಡುತ್ತೆ. ಇನ್ನೆರಡು ಜಿ.ಬಿ. ಬೇಕು’ ಎಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಳು. ಸಾಲಲ್ಲ ಎಂದು ಅಷ್ಟು ಖಚಿತವಾಗಿ, ಕಾರಣ ಸಹಿತ ಹೇಳಿದ ಹುಡುಗಿಯನ್ನು ನಾನು ನೋಡಿದ್ದು ಕಡಿಮೆ. ಆ ಚೀಟಿಯನ್ನು ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಬರೆದ ಪತ್ರದ ಜೊತೆಗೆ, ಅವಳ ಅಕ್ಷರದಲ್ಲೇ, ಲಗತ್ತಿಸಿದ್ದೇನೆ.