ಬರಬೇಕಾದವರ ಆಕ್ಷೇಪಣೆ

ಊರು ಹೇಗೆ ಬೆಳೀಬೇಕು ಅಂತ ನಿಯಮ ಮಾಡುವಾಗ ಸರ್ಕಾರ ಪೇಪರಿನಲ್ಲಿ ಒಂದು ಪ್ರಕಟಣೆ ಹಾಕುತ್ತೆ. ಸಾರ್ವಜನಿಕರು ತಮ್ಮ ಆಕ್ಷೇಪಣೆ, ಸಲಹೆಗಳನ್ನು ಸಲ್ಲಿಸಬಹುದು ಅಂತ. ಬೆಂಗಳೂರಿನ 2031ರ ಮಾಸ್ಟರ್ ಪ್ಲಾನ್ ಕರಡು 2017ರ ನವೆಂಬರಿನಲ್ಲಿ ಹೊರಬಂದಾಗಲೂ ಹೀಗೇ ಕರೆದಿದ್ದರು. (ಆ ಕರಡನ್ನು ಆಮೇಲೆ ಸರ್ಕಾರವೇ ವಾಪಸ್ ತಗೊಂಡಿತು, ಆ ಕಥೆ ಬೇರೆ.) ಈ 'ಸಾರ್ವಜನಿಕರು' ಅಂದರೆ ಯಾರು? ಪಿಜಿಗಳ ವಿಚಾರ ಬಂದಾಗೆಲ್ಲ ನನಗೆ ಈ ಪ್ರಶ್ನೆ ಏಳುತ್ತೆ.

ನಮ್ಮ ಬೀದಿಯಲ್ಲಿ ಈಗ ನಾಲ್ಕು ಪಿಜಿಗಳಿವೆ. ಇನ್ನು ಹೊಸದಕ್ಕೆ ಅನುಮತಿ ಕೊಡಬಾರದು, ಇರುವುದನ್ನೂ ಮುಚ್ಚಿಸಬೇಕು ಅಂತ ಒಂದು ಮನವಿಪತ್ರ ಮನೆಮನೆಗೆ ಬಂತು. ನಾನು ಸಹಿ ಹಾಕಲಿಲ್ಲ. ಯಾಕೆ ಅಂತ ಪಕ್ಕದ ಮನೆಯವರು ಕೇಳಿದರು. ಅವರಿಗೆ ಗೇಟಿನ ಹತ್ತಿರ ನಿಂತು ಹೇಳಿದ್ದು ಸಾಲಲಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ಮೊದಲಿಗೆ, ಆ ಪತ್ರದಲ್ಲಿದ್ದ ದೂರುಗಳು ಸುಳ್ಳಲ್ಲ. ಐದು ಜನರಿಗೆ ಅಂತ ಹಾಕಿದ ಒಳಚರಂಡಿ ಪೈಪಿಗೆ ಅರವತ್ತು ಜನರ ಬಳಕೆ ಬಿದ್ದರೆ ಅದು ಉಕ್ಕಿ ರಸ್ತೆಗೆ ಬರುತ್ತೆ. ಬೈಕುಗಳು ಗೇಟಿಗೆ ಅಡ್ಡ ನಿಲ್ಲುತ್ತವೆ. ಟ್ಯಾಂಕರ್ ನೀರಿಗೆ ಪೈಪೋಟಿ. ಮೂವತ್ತು ವರ್ಷ ದುಡಿದು, ಸಾಲ ತೀರಿಸಿ ಮನೆ ಕಟ್ಟಿಕೊಂಡವರಿಗೆ ಇದು ಸಣ್ಣ ಸಂಕಟವಲ್ಲ. ಅವರ ಮಾತಿಗೆ ಬೆಲೆ ಇರಲೇಬೇಕು.

ಆದರೆ ಅದೇ ಪತ್ರದ ಕೊನೆಗೆ ಇನ್ನೊಂದು ಸಾಲಿತ್ತು. 'ಎಲ್ಲಿಂದಲೋ ಬಂದ, ಹಿನ್ನೆಲೆ ಗೊತ್ತಿಲ್ಲದವರಿಂದ ಬಡಾವಣೆಯ ಸಂಸ್ಕೃತಿ ಹಾಳಾಗುತ್ತಿದೆ' ಅಂತ. ಚರಂಡಿ, ನೀರು, ಪಾರ್ಕಿಂಗ್ ಬಗ್ಗೆ ಹೇಳಿದ್ದು ಒಂದು ಜಾತಿಯ ದೂರು. ಇದು ಇನ್ನೊಂದು. ಎರಡನ್ನೂ ಬೇರ್ಪಡಿಸೋಕೆ ನನ್ನ ಹತ್ತಿರ ಒಂದು ಸರಳ ಪರೀಕ್ಷೆ ಇದೆ: ಅದೇ ಕಟ್ಟಡದಲ್ಲಿ ಅಷ್ಟೇ ಜನರಿರುವ ಒಂದು ಅವಿಭಕ್ತ ಕುಟುಂಬ ಇದ್ದಿದ್ದರೂ ಈ ದೂರು ಕೊಡ್ತಿದ್ವಾ? ಚರಂಡಿ ಉಕ್ಕಿದ್ದಕ್ಕೆ ಕೊಡ್ತಿದ್ವಿ. ಸಂಸ್ಕೃತಿಗೆ ಕೊಡ್ತಿರಲಿಲ್ಲ. ಹಾಗಾದರೆ ಎರಡನೆಯದು ಜಾಗದ ಬಗ್ಗೆ ಅಲ್ಲ, ಜನರ ಬಗ್ಗೆ.

ಈ ಜಗಳ ನಮ್ಮೂರಿಗಷ್ಟೇ ಸೇರಿದ್ದಲ್ಲ. ನ್ಯೂಯಾರ್ಕ್ ರಾಜ್ಯದ ಬೆಲ್ ಟೆರ್ ಅನ್ನುವ ಪುಟ್ಟ ಊರು, ರಕ್ತಸಂಬಂಧವಾಗಲೀ ಮದುವೆಯಾಗಲೀ ಇಲ್ಲದವರು ಇಬ್ಬರಿಗಿಂತ ಹೆಚ್ಚು ಜನ ಒಂದು ಮನೆಯಲ್ಲಿ ಇರಕೂಡದು ಅಂತ ನಿಯಮ ಮಾಡಿತ್ತು. ಆರು ಜನ ವಿದ್ಯಾರ್ಥಿಗಳು ಒಟ್ಟಿಗೆ ಮನೆ ಹಿಡಿದಾಗ ಅದು ಕೋರ್ಟ್ ಹತ್ತಿತು. 1974ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಊರಿನ ಪರವಾಗೇ ತೀರ್ಪು ಕೊಟ್ಟಿತು. ಹನ್ನೊಂದು ವರ್ಷದ ಮೇಲೆ ಟೆಕ್ಸಾಸಿನ ಕ್ಲಿಬರ್ನ್ ಊರಿನ ಕೇಸು ಬಂತು. ಬುದ್ಧಿಮಾಂದ್ಯತೆ ಇರುವ ಹದಿಮೂರು ಜನರಿಗೆ ಒಂದು ಮನೆ ಮಾಡಬೇಕು ಅಂದಾಗ, ಊರಿನವರ ಅಹವಾಲು ಕೇಳಿದ ಕೌನ್ಸಿಲ್ ಪರ್ಮಿಟ್ ಕೊಡಲಿಲ್ಲ. ಹಾಸ್ಟೆಲಿಗೆ, ಆಸ್ಪತ್ರೆಗೆ ಕೇಳದ ವಿಶೇಷ ಪರ್ಮಿಟ್ಟನ್ನು ಇವರಿಗೆ ಮಾತ್ರ ಕೇಳೋದು ಹೇಗೆ, ಅಕ್ಕಪಕ್ಕದವರ ಭಯವೊಂದೇ ಕಾರಣ ಆಗೋಕಾಗಲ್ಲ ಅಂತ ಈ ಸಲ ಕೋರ್ಟ್ ಹೇಳಿತು. ಅಹವಾಲು ಕೇಳಿದ್ದು ತಪ್ಪಲ್ಲ. ಕೇಳಿಸಿಕೊಂಡ ಭಯವನ್ನೇ ನಿಯಮ ಮಾಡಿದ್ದು ತಪ್ಪು.

ನಮ್ಮಲ್ಲೂ ಪಿಜಿ ಅನ್ನೋದು ಮನೆಯಾ ಅಲ್ವಾ ಅನ್ನೋದೇ ಬಗೆಹರಿದಿರಲಿಲ್ಲ. ಹಾಸ್ಟೆಲ್ ಕೂಡ ವಾಸದ ಮನೆಯೇ ಅಂತ ಕರ್ನಾಟಕ ಹೈಕೋರ್ಟ್ 2022ರಲ್ಲಿ ಒಂದು ಜಿಎಸ್‌ಟಿ ಕೇಸಿನಲ್ಲಿ ಹೇಳಿತು. ಮರುವರ್ಷ ಜಿಎಸ್‌ಟಿಯ ಮುಂಗಡ ತೀರ್ಪು ಪ್ರಾಧಿಕಾರ ಇನ್ನೊಂದು ಕೇಸಿನಲ್ಲಿ, ಸಂಬಂಧವಿಲ್ಲದವರು ಒಂದೇ ರೂಮಿನಲ್ಲಿರ್ತಾರೆ, ಬಿಲ್ ಬೆಡ್ ಲೆಕ್ಕದಲ್ಲಿರುತ್ತೆ, ಹಾಗಾಗಿ ಮನೆಯಲ್ಲ, ಶೇ 12 ತೆರಿಗೆ ಕಟ್ಟಿ ಅಂದಿತು. ನನಗೆ ಇಲ್ಲಿ ತೆರಿಗೆಗಿಂತ ಆ ತರ್ಕ ವಿಚಿತ್ರ ಅನ್ನಿಸುತ್ತೆ. ಕುವೆಂಪು ಓದುವ ಕಾಲದಲ್ಲಿ ಮೈಸೂರಿನ ರಾಮಕೃಷ್ಣಾಶ್ರಮದಲ್ಲಿ ಇದ್ದವರು. ವಾರಾನ್ನ ಮಾಡಿ, ಹಾಸ್ಟೆಲಿನ ಉದ್ದನೆಯ ಹಾಲಿನಲ್ಲಿ ಚಾಪೆ ಹಾಸಿಕೊಂಡು ಓದಿದ ಎಷ್ಟು ತಲೆಮಾರು ನಮ್ಮಲ್ಲಿಲ್ಲ? ಸಂಬಂಧವಿಲ್ಲದವರ ಜೊತೆ ಬದುಕಿ ಮೇಲೆ ಬಂದ ನಾಡು ಇದು.

ಈಗ ನನ್ನ ಮೂಲ ಪ್ರಶ್ನೆಗೆ ಬರ್ತೀನಿ. ಆಕ್ಷೇಪಣೆ ಕರೆದಾಗ ಬರೋದು ಸ್ವಂತ ಮನೆ ಇದ್ದವರು. ಪಿಜಿಯ ಹುಡುಗಿ ಬರಲ್ಲ. ಅವಳ ಶಿಫ್ಟ್ ಮುಗಿಯೋದು ರಾತ್ರಿ ಹತ್ತಕ್ಕೆ, ವೋಟರ್ ಐಡಿ ಇನ್ನೂ ರಾಯಚೂರಿನದು, ಆರು ತಿಂಗಳಿಗೆ ಜಾಗ ಬದಲಿಸ್ತಾಳೆ. ಮುಂದಿನ ವರ್ಷ ಅದೇ ಬೆಡ್ಡಿಗೆ ಬರಬೇಕಾದವನಂತೂ ಇನ್ನೂ ಬಳ್ಳಾರಿಯಲ್ಲಿ ಫೈನಲ್ ಇಯರ್ ಪರೀಕ್ಷೆಗೆ ಓದ್ತಿದ್ದಾನೆ. ನಿಯಮ ಹೆಚ್ಚು ತಟ್ಟೋದು ಅವನಿಗೇ, ಆದರೆ ಪ್ರಕಟಣೆ ಅವನ ಕಣ್ಣಿಗೆ ಬೀಳೋದೇ ಇಲ್ಲ.

ಹಾಗಂತ ನಿಯಮವೇ ಬೇಡ ಅಂತ ನಾನು ಹೇಳ್ತಿಲ್ಲ. 2024ರಲ್ಲಿ ಕೋರಮಂಗಲದ ಪಿಜಿಯೊಂದರಲ್ಲಿ ಯುವತಿಯೊಬ್ಬಳ ಕೊಲೆಯಾದ ಮೇಲೆ ಬಿಬಿಎಂಪಿ ಮಾರ್ಗಸೂಚಿ ತಂದಿತು. ತಲೆಗೆ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಕಾವಲುಗಾರ. ಒಳ್ಳೆಯದೇ. ಕಿಟಕಿಯಿಲ್ಲದ ರೂಮಿಗೆ ಮೂರು ಮಂಚ ತುರುಕುವ ಮಾಲೀಕರನ್ನು ಹಿಡಿಯೋಕೆ ಇಂಥದ್ದು ಬೇಕು. ಆದರೆ ಇದರ ಖರ್ಚು ಕೊನೆಗೆ ಬಾಡಿಗೆಗೆ ಸೇರುತ್ತೆ. ಎಷ್ಟು ಜಾಗ ಬಿಟ್ಟುಕೊಟ್ಟು ಎಷ್ಟು ದುಡ್ಡು ಉಳಿಸಬಹುದು, ಯಾವುದನ್ನು ಏನಾದರೂ ಬಿಟ್ಟುಕೊಡಬಾರದು ಅನ್ನೋದು ಅಲ್ಲಿ ಮಲಗುವವರಿಗೆ ಗೊತ್ತು. ಅವರನ್ನು ಕೇಳದೆ ಅವರ ರಕ್ಷಣೆಗೆ ನಿಯಮ ಮಾಡಿದರೆ ಅದು ಅರ್ಧ ರಕ್ಷಣೆ. ಇನ್ನು ಮುಚ್ಚಿಸಿಬಿಟ್ಟರೆ ಅಲ್ಲಿದ್ದವರು ಮಾಯವಾಗಲ್ಲ. ಯಾವ ನಿಯಮವೂ ಮುಟ್ಟದ ಇನ್ನೊಂದು ಬೀದಿಗೆ ಹೋಗ್ತಾರೆ.

'ಇವತ್ತು ಬಂದು ನಾಳೆ ಹೋಗೋರಿಗೂ ನಮಗೂ ಒಂದೇ ತೂಕವಾ?' ಅಂತ ಪಕ್ಕದ ಮನೆಯವರು ಕೇಳಿದರು. ನ್ಯಾಯವಾದ ಪ್ರಶ್ನೆ. ಮೂವತ್ತು ವರ್ಷ ಇದ್ದವರಿಗೆ ಯಾವ ಮಳೆಗೆ ಯಾವ ಮೋರಿ ಉಕ್ಕುತ್ತೆ ಅಂತ ಗೊತ್ತಿರುತ್ತೆ. ಆ ಅನುಭವಕ್ಕೆ ಹೆಚ್ಚಿನ ತೂಕ ಸಲ್ಲಬೇಕು. ಬೀದಿಗೆ ಯಾರು ಬರಬಹುದು ಅಂತ ತೀರ್ಮಾನಿಸುವ ಹಕ್ಕು ಮಾತ್ರ ಆ ಅನುಭವದಿಂದ ಹುಟ್ಟೋದಿಲ್ಲ. ಮೊದಲು ಬಂದವರಿಗೆ ಬಾಗಿಲು ಹಾಕಿಕೊಳ್ಳುವ ಹಕ್ಕು ಇದ್ದಿದ್ದರೆ ನಮ್ಮಲ್ಲಿ ಬಹುತೇಕರು ಈ ಊರಲ್ಲೇ ಇರ್ತಿರಲಿಲ್ಲ.

ಹಾಗಾಗಿ ನಾನು ಬೇರೆ ಪತ್ರ ಬರೆದು ಕೊಟ್ಟೆ. ಪೈಪ್ ದೊಡ್ಡದು ಮಾಡಿ, ಅದರ ಖರ್ಚಿನಲ್ಲಿ ಪಿಜಿ ಮಾಲೀಕರಿಂದ ಪಾಲು ವಸೂಲಿ ಮಾಡಿ. ಎಷ್ಟು ಬೆಡ್ಡು ಅನ್ನೋದನ್ನು ನೀರು, ಚರಂಡಿ, ಬೆಂಕಿಯ ಸುರಕ್ಷತೆ ನೋಡಿ ನಿಗದಿ ಮಾಡಿ. ಅಹವಾಲು ಕೇಳೋಕೆ ಭಾನುವಾರ ಸಂಜೆ ಪಿಜಿಯ ಊಟದ ಹಾಲಿಗೇ ಬನ್ನಿ, ಮಾಲೀಕರನ್ನು ಹೊರಗೆ ಕೂರಿಸಿ, ಅಲ್ಲಿರುವವರು ಆಡುವ ಭಾಷೆಯಲ್ಲೇ ಕೇಳಿ. ಇಷ್ಟೇ ಅದರಲ್ಲಿದ್ದದ್ದು. ಪಕ್ಕದ ಮನೆಯವರು ಓದಿ, ಪೈಪಿನ ವಿಷಯಕ್ಕೆ ಮಾತ್ರ ಸಹಿ ಹಾಕ್ತೀನಿ ಅಂದರು. ಸದ್ಯಕ್ಕೆ ಅಷ್ಟಾದರೂ ಆಗಲಿ ಅಂತ ಪೆನ್ನು ಕೊಟ್ಟೆ.